ಶಾರ್ಲೆಟ್‌ಳನ್ನು ಬೈಯುವ ಮುನ್ನ

ಪದವಿ ತರಗತಿಗೆ ಇಂಗ್ಲಿಷ್ ಕಾದಂಬರಿ ಪಾಠ ಮಾಡಲು ಹಿಡಿದು ಇಪ್ಪತ್ತು ವರ್ಷವಾಯಿತು. ಮದುವೆಗೆ ಒಲಿದವನೋ, ಅನುಕೂಲಸ್ಥನೋ ಎಂಬ ಜಗಳ ಪ್ರತಿ ವರ್ಷ ಏಳುತ್ತದೆ. ಅದರಿಂದ ನಾನು ಕಲಿತದ್ದಿದು.

1. ಮೊದಲು ಆಸ್ತಿ ಯಾರಿಗೆ ಸೇರುತ್ತದೆ ನೋಡಬೇಕು. ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಕಾದಂಬರಿಯ ಬೆನೆಟ್ ಮನೆಗೆ ವರ್ಷಕ್ಕೆ 2,000 ಪೌಂಡ್ ವರಮಾನ. ಐವರೂ ಹೆಣ್ಣುಮಕ್ಕಳು, ಅಪ್ಪನ ನಂತರ ಜಮೀನು ದಾಯಾದಿ ಕಾಲಿನ್ಸನ ಪಾಲು. ಈ ಲೆಕ್ಕ ಬೋರ್ಡಿನ ಮೇಲೆ ಬರೆಯದೆ ನಾನೀಗ ಪ್ರೇಮದ ಮಾತೆತ್ತುವುದಿಲ್ಲ.

2. ಬೆನೆಟ್ ಮನೆಯ ಮಗಳು ಎಲಿಜಬೆತ್ ಬೇಡವೆಂದ ಕಾಲಿನ್ಸನನ್ನು ಮೂರು ದಿನದೊಳಗೆ ಒಪ್ಪಿದವಳು ಅವಳ ಗೆಳತಿ ಶಾರ್ಲೆಟ್. ಮೊದಮೊದಲು ನಾನೂ ಅವಳನ್ನು ಹೀಗಳೆಯುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಒಪ್ಪದಿದ್ರೆ ಆಮೇಲೆ ಅವಳನ್ನ ಯಾರು ನೋಡ್ಕೊಳ್ತಿದ್ರು, ಮೇಡಂ?” ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಹೋಗಿ ಮತ್ತೆ ಓದಿದೆ. ಶಾರ್ಲೆಟ್‌ಗೆ 27 ವರ್ಷ. ಅಕ್ಕ ಮದುವೆಯಾಗದೆ ಉಳಿದುಬಿಡುತ್ತಾಳೇನೋ ಎಂದು ತಮ್ಮಂದಿರೇ ಹೆದರಿದ್ದರು. ಮದುವೆಯಾದ ಮೇಲೆ ಅವಳು ಗಂಡನಿಗೆ ತೋಟದ ಕೆಲಸದ ಹುರುಪು ತುಂಬುತ್ತಾಳೆ, ತಾನು ಕೂರಲು ಹಿಂಬದಿಯ ಕೋಣೆ ಆರಿಸಿಕೊಳ್ಳುತ್ತಾಳೆ. ಕೋಣೆ ಚೆನ್ನಾಗಿದ್ದರೆ ಅವನೂ ಅಲ್ಲಿಗೇ ಬಂದು ಕೂತಾನು! ಆ ಪುಟವನ್ನು ಈಗ ತರಗತಿಯಲ್ಲಿ ಎರಡು ಸಲ ಓದಿಸುತ್ತೇನೆ. ಅವಳ ನೆಮ್ಮದಿ ಎಷ್ಟು, ಒಂಟಿತನ ಎಷ್ಟು ಎಂಬುದು ಆ ಕೋಣೆಯಲ್ಲೇ ಕಾಣುತ್ತದೆ.

3. ಬರೆದವರ ಬದುಕನ್ನೂ ಹೇಳಬೇಕು. 1802ರ ಡಿಸೆಂಬರ್‌ನಲ್ಲಿ ದೊಡ್ಡ ಜಮೀನಿನ ವಾರಸುದಾರ ಹ್ಯಾರಿಸ್ ಬಿಗ್-ವಿದರ್ ಮದುವೆಗೆ ಕೇಳಿದಾಗ ಜೇನ್ ಆಸ್ಟಿನ್ ಒಪ್ಪಿದರು. ಬೆಳಗಾದ ಮೇಲೆ ಬೇಡವೆಂದರು. ಅವರಿಗೆ 27 ತುಂಬಲು ಎರಡು ವಾರವಿತ್ತು. ತಾವು ಒಲ್ಲೆನೆಂದದ್ದನ್ನು ಒಪ್ಪಿಕೊಂಡ ಶಾರ್ಲೆಟ್‌ಳನ್ನು ಅವರು ಎಷ್ಟು ಹತ್ತಿರದಿಂದ ಬರೆದಿದ್ದಾರೆ ಎಂದು ಈಗಲೂ ಮನಸ್ಸು ಕಲಕುತ್ತದೆ.

4. ‘ವುದರಿಂಗ್ ಹೈಟ್ಸ್’ (1847) ಕಾದಂಬರಿಯ ಕ್ಯಾಥರೀನ್ ಎಡ್ಗರ್ ಲಿಂಟನ್‌ನನ್ನು ಮದುವೆಯಾಗಿ, ಅವನ ದುಡ್ಡಿನಿಂದಲೇ ತಾನೊಲಿದ ಹೀತ್‌ಕ್ಲಿಫ್‌ನನ್ನು ಮೇಲೆತ್ತುವ ಲೆಕ್ಕ ಹಾಕುತ್ತಾಳೆ. ವಿದ್ಯಾರ್ಥಿಗಳು ದುರಾಸೆ ಎನ್ನುತ್ತಾರೆ. ನನಗೆ ಕಾಣುವುದು ಅವಳ ಬರಿಗೈ. ಗಂಡನ ಹಣದ ಮಾತಿರಲಿ, ಆಗ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಸ್ವಂತ ಹಣವೂ ಸಾಮಾನ್ಯವಾಗಿ ಗಂಡನದೇ ಆಗುತ್ತಿತ್ತು. ಅದನ್ನು ಬದಲಿಸಿದ ದೊಡ್ಡ ಕಾಯ್ದೆ ಬಂದದ್ದು 1882ರಲ್ಲಿ.

5. ‘ಪರ್ಸ್ಯುಯೇಷನ್’ ಕಾದಂಬರಿಯ ಆನ್ 19ನೇ ವಯಸ್ಸಿನಲ್ಲಿ ಹಿರಿಯರ ಮಾತಿಗೆ ಕಟ್ಟುಬಿದ್ದು ತಾನೊಲಿದ ವೆಂಟ್‌ವರ್ತ್‌ನನ್ನು ಬಿಡುತ್ತಾಳೆ. ಎಂಟು ವರ್ಷದ ಮೇಲೆ ಅವನೇ ಮರಳುತ್ತಾನೆ. ಅವಳಿಗೂ ಆಗ 27. ಪ್ರೀತಿ ಗೆದ್ದಿತೆಂದು ತರಗತಿ ಚಪ್ಪಾಳೆ ತಟ್ಟುತ್ತದೆ, ನಾನೂ ತಟ್ಟುತ್ತೇನೆ. ಆಮೇಲೆ, ಆ ಎಂಟು ವರ್ಷದಲ್ಲಿ ನೌಕಾದಳದಲ್ಲಿ ಅವನು ಗಳಿಸಿದ್ದ 25,000 ಪೌಂಡನ್ನು ಬೋರ್ಡಿನ ಮೇಲೆ ಬರೆಯುತ್ತೇನೆ.