ಚೌಕುಳಿ ಕಾಗದದ ಮೇಲೆ ಛಾಯಾಗ್ರಹಣದ ಪಾಠ

ಛಾಯಾಗ್ರಹಣವನ್ನು ಶಾಲೆಯಲ್ಲಿ ಕಲಿಸಬೇಕೆಂಬ ಮಾತು ಬಂದೊಡನೆ, ಅದಕ್ಕೆ ಬೇಕಾದ ಕ್ಯಾಮರಾಗಳಿಗೂ ಗಣಕಯಂತ್ರಗಳಿಗೂ ಹಣವೆಲ್ಲಿ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಈ ವಿದ್ಯೆಯ ಮೊದಲ ಪಾಠಗಳಿಗೆ ಇವೆರಡೂ ಬೇಕಾಗಿಲ್ಲ. ಕಿಟಕಿಗಳನ್ನು ಮುಚ್ಚಿ ಕತ್ತಲಾಗಿಸಬಹುದಾದ ಒಂದು ಕೋಣೆ, ಒಂದು ತುಂಡು ರಟ್ಟು, ಕೆಲವು ಹಾಳೆ ಚೌಕುಳಿ ಕಾಗದ, ಒಂದು ಅಳತೆಪಟ್ಟಿ, ಇಷ್ಟಿದ್ದರೆ ಸಾಕು. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಕ್ಯಾಮರಾ ಕೈಗೆ ಬರುವ ಮೊದಲೇ ಈ ಪಾಠಗಳು ಮುಗಿದಿರುವುದು ಲೇಸು. ಗುಂಡಿಯೊತ್ತಿದೊಡನೆ ಚಿತ್ರ ಮೂಡಿಸುವ ಯಂತ್ರ ಇಂದು ಅನೇಕ ವಿದ್ಯಾರ್ಥಿಗಳ ಜೇಬಿನಲ್ಲಿಯೇ ಇದೆ. ಅದು ಚಿತ್ರವನ್ನು ಹೇಗೆ ರಚಿಸುತ್ತದೆಂಬುದನ್ನು ಅರಿಯದವನು, ಅದು ತೋರಿಸಿದುದರಲ್ಲಿ ಎಷ್ಟನ್ನು ನಂಬಬೇಕೆಂಬುದನ್ನೂ ಅರಿಯಲಾರ.

ಹಂಪೆಯ ವಿರೂಪಾಕ್ಷ ದೇವಾಲಯವನ್ನು ನೋಡಿದವರು ಅಲ್ಲಿಯ ಒಂದು ಸೋಜಿಗವನ್ನು ಮರೆತಿರಲಾರರು. ದೇವಾಲಯದ ಒಳಗಿನ ಕತ್ತಲೆಯ ಎಡೆಯೊಂದರಲ್ಲಿ ರಾಜಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಜನ ಅದನ್ನು ನೆರಳೆಂದು ಕರೆದರೂ ಅದು ನೆರಳಲ್ಲ, ಬಿಂಬ. ಸಣ್ಣ ಕಂಡಿಯೊಂದರ ಮೂಲಕ ಬೆಳಕು ನೇರವಾಗಿ ಸಾಗಿಬರುವಾಗ, ಗೋಪುರದ ತುದಿಯಿಂದ ಹೊರಟ ಕಿರಣ ಗೋಡೆಯ ಕೆಳಭಾಗಕ್ಕೂ, ಬುಡದಿಂದ ಹೊರಟದ್ದು ಮೇಲುಭಾಗಕ್ಕೂ ಹೋಗಿ ಮುಟ್ಟುವುವು. ಕ್ಯಾಮರಾ ಎಂಬ ಲ್ಯಾಟಿನ್ ಮಾತಿಗೆ ಕೋಣೆ ಎಂದೇ ಅರ್ಥ.

ಇದನ್ನು ತರಗತಿಯಲ್ಲಿ ಮಾಡಿ ನೋಡುವುದು ಸುಲಭ. ಬಿಸಿಲು ಬಿದ್ದ ಕಟ್ಟಡವೊಂದಕ್ಕೆ ಎದುರಾಗಿರುವ ಕಿಟಕಿಯನ್ನು ರಟ್ಟಿನಿಂದ ಮುಚ್ಚಿ, ಅದರಲ್ಲಿ ಒಂದು ಸೆಂಟಿಮೀಟರ್ ಅಗಲದ ರಂಧ್ರವನ್ನು ಕೊರೆಯಿರಿ. (ರಂಧ್ರಕ್ಕೆ ಕಣ್ಣಿಟ್ಟು ಸೂರ್ಯನನ್ನು ನೋಡುವ ಸಾಹಸ ಮಾತ್ರ ಸಲ್ಲದು.) ಕಟ್ಟಡ 10 ಮೀಟರ್ ಎತ್ತರವಿದ್ದು 20 ಮೀಟರ್ ದೂರದಲ್ಲಿದ್ದರೆ, ರಂಧ್ರದಿಂದ 3 ಮೀಟರ್ ಒಳಗಿರುವ ಗೋಡೆಯ ಮೇಲೆ ಅದರ ಬಿಂಬ ಒಂದೂವರೆ ಮೀಟರ್ ಎತ್ತರವಾಗಿ ಮೂಡಬೇಕು. ವಿದ್ಯಾರ್ಥಿಗಳು ಸಮರೂಪ ತ್ರಿಭುಜಗಳಿಂದ ಮೊದಲು ಲೆಕ್ಕಮಾಡಿ, ಅನಂತರ ಗೋಡೆಯ ಮೇಲೆ ಅಳೆಯಲಿ. ರಂಧ್ರವನ್ನು ಕಿರಿದು ಮಾಡಿದರೆ ಬಿಂಬ ಸ್ಫುಟವಾಗುವುದು, ಆದರೆ ಮಂಕಾಗುವುದು; ಹಿರಿದು ಮಾಡಿದರೆ ಬೆಳಕು ಹೆಚ್ಚಿ ಅಂಚುಗಳು ಕದಡುವುವು. ಇಬ್ಬಂದಿಯಾದ ಈ ಸ್ಥಿತಿಯಿಂದ ಪಾರಾಗಲೆಂದೇ ರಂಧ್ರದಲ್ಲಿ ಮಸೂರವನ್ನು ಇಟ್ಟರೆಂದು ಹೇಳಿದರೆ, ಮಸೂರದ ಪಾಠ ಅರ್ಧ ಮುಗಿದಂತೆ.

ಗೋಡೆಯ ಮೇಲಿನ ಬಿಂಬ ರಂಧ್ರವನ್ನು ಮುಚ್ಚಿದೊಡನೆ ಅಳಿಸಿಹೋಗುತ್ತದೆ. ಅದನ್ನು ಉಳಿಸಿಕೊಳ್ಳುವ ಪ್ರಯತ್ನವೇ ಛಾಯಾಗ್ರಹಣದ ಚರಿತ್ರೆ. ಫ್ರಾನ್ಸಿನ ನಿಯೆಪ್ಸ್ 1820ರ ದಶಕದಲ್ಲಿ ಲೋಹದ ತಗಡಿನ ಮೇಲೆ ತನ್ನ ಕಿಟಕಿಯ ಹೊರನೋಟವನ್ನು ಉಳಿಸಿಕೊಂಡುದು, 1839ರಲ್ಲಿ ದಾಗೇರ್‌ನ ವಿಧಾನ ಪ್ರಕಟವಾದುದು, ಆಮೇಲೆ ಬೆಳ್ಳಿಯ ಲವಣಗಳನ್ನು ಲೇಪಿಸಿದ ಗಾಜು ಮತ್ತು ಫಿಲ್ಮುಗಳು ಬಂದುದು, ಇವೆಲ್ಲ ಪುಸ್ತಕಗಳಲ್ಲಿ ವಿಪುಲವಾಗಿ ದೊರೆಯುತ್ತವೆ. ನಮ್ಮ ಪಾಠಕ್ಕೆ ಇದಕ್ಕಿಂತ ಮುಖ್ಯವಾದ ವರ್ಷ 1957. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್ ಸಂಸ್ಥೆಯಲ್ಲಿದ್ದ ರಸೆಲ್ ಕರ್ಶ್ ಎಂಬಾತ ತನ್ನ ಮೂರು ತಿಂಗಳ ಮಗುವಿನ ಭಾವಚಿತ್ರವೊಂದನ್ನು ಗಣಕಯಂತ್ರಕ್ಕೆ ಓದಿಸಿದನು. ಐದು ಸೆಂಟಿಮೀಟರ್ ಚದರದ ಆ ಚಿತ್ರವನ್ನು ಅಡ್ಡಕ್ಕೆ 176, ಉದ್ದಕ್ಕೆ 176 ಮನೆಗಳಾಗಿ ವಿಭಾಗಿಸಿ, ಪ್ರತಿಯೊಂದು ಮನೆ ಕಪ್ಪೋ ಬಿಳುಪೋ ಎಂಬುದನ್ನಷ್ಟೇ ಯಂತ್ರ ಬರೆದುಕೊಂಡಿತು. ಒಟ್ಟು 30,976 ಮನೆಗಳು. ಇಂತಹ ಒಂದೊಂದು ಮನೆಗೆ ಇಂದು ಪಿಕ್ಸೆಲ್ ಎಂದು ಹೆಸರು.

ಎಣಿಸಿ ಚಿತ್ರ ಬಿಡಿಸುವ ಈ ಕ್ರಮ ನಮ್ಮವರಿಗೆ ತೀರ ಹೊಸದೇನೂ ಅಲ್ಲ. ಧಾರವಾಡದ ಕಡೆಯ ಕಸೂತಿಯನ್ನು ನೋಡಿ. ಬಟ್ಟೆಯ ಮೇಲೆ ಮೊದಲು ಗೆರೆಯೆಳೆದುಕೊಳ್ಳದೆ, ನೆಯ್ಗೆಯ ಎಳೆಗಳನ್ನು ಎಣಿಸುತ್ತಲೇ ಹೆಂಗಸರು ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಾರೆ. ಎಳೆಗಳೇ ಅಲ್ಲಿಯ ಚೌಕುಳಿ. ಕಸೂತಿ ಬಲ್ಲ ಅಜ್ಜಿಯೊಬ್ಬರನ್ನು ತರಗತಿಗೆ ಕರೆತಂದರೆ, ಪಿಕ್ಸೆಲ್ ಎಂದರೇನೆಂಬುದನ್ನು ಉಪಾಧ್ಯಾಯರು ಬೇರೆ ವಿವರಿಸಬೇಕಾಗಿಲ್ಲ.

ಈಗ ಒಂದು ಅಭ್ಯಾಸ. ಅಡ್ಡ 16, ಉದ್ದ 16 ಮನೆಗಳುಳ್ಳ ಚೌಕುಳಿಯ ಮೇಲೆ ಒಬ್ಬ ವಿದ್ಯಾರ್ಥಿ ಒಂದು ಮುಖವನ್ನು ರಚಿಸಲಿ. ಬಿಳುಪಿಗೆ 3, ತಿಳಿಬೂದಿಗೆ 2, ಕಡುಬೂದಿಗೆ 1, ಕಪ್ಪಿಗೆ ಸೊನ್ನೆ. ಚಿತ್ರವನ್ನು ತೋರಿಸದೆ 256 ಅಂಕಿಗಳನ್ನೂ ಸಾಲುಸಾಲಾಗಿ ಓದಿದರೆ, ಕೋಣೆಯ ಇನ್ನೊಂದು ಮೂಲೆಯಲ್ಲಿರುವ ಗೆಳತಿ ತನ್ನ ಹಾಳೆಯಲ್ಲಿ ಅದೇ ಮುಖವನ್ನು ಪಡೆಯುತ್ತಾಳೆ. ಚಿತ್ರ ಕಾಗದವಿಲ್ಲದೆಯೇ ಪಯಣಿಸಿತು! ನಿಜವಾದ ಕ್ಯಾಮರಾದಲ್ಲಿ ನಾಲ್ಕು ಮಟ್ಟಗಳ ಬದಲು ಸಾಮಾನ್ಯವಾಗಿ 256 ಮಟ್ಟಗಳು, ನೂರಾರು ಮನೆಗಳ ಬದಲು ಲಕ್ಷಗಟ್ಟಲೆ ಮನೆಗಳು. ತತ್ತ್ವ ಮಾತ್ರ ಇದೇ.

ಆಟವನ್ನು ಇಲ್ಲಿಗೇ ನಿಲ್ಲಿಸಬಾರದು. ಮೂರನೆಯವನೊಬ್ಬ ನಡುವೆ ನಿಂತು, ಅಂಕಿಗಳು ಕೈದಾಟುವಾಗ ಬಾಯಿಯ ಬಳಿಯ ನಾಲ್ಕಾರು ಅಂಕಿಗಳನ್ನು ಬದಲಿಸಲಿ. ನಗುತ್ತಿದ್ದ ಮುಖ ಅಳುವ ಮುಖವಾಗಿ ತಲಪುತ್ತದೆ. ಪಡೆದವಳಿಗೆ ಇದು ಹೇಗೆ ತಿಳಿಯಬೇಕು? ಫಿಲ್ಮಿನ ಕಾಲದಲ್ಲಿಯೂ ಚಿತ್ರಗಳನ್ನು ತಿದ್ದುತ್ತಿದ್ದುದುಂಟು. ಆದರೆ ಕುಂಚದಿಂದ ತಿದ್ದಿದ ಗುರುತನ್ನು ಭೂತಗನ್ನಡಿ ಹಿಡಿದು ನೆಗೆಟಿವ್‌ನ ಮೇಲೆ ಹುಡುಕಬಹುದಾಗಿತ್ತು. ಅಂಕಿಗೆ ಗಾಯದ ಕಲೆ ಇಲ್ಲ. ಮೂರನ್ನು ಅಳಿಸಿ ಎರಡು ಬರೆದರೆ, ಅದು ಉಳಿದೆಲ್ಲ ಎರಡುಗಳಂತೆಯೇ ಇರುತ್ತದೆ. ಸುತ್ತಣ ಅಂಕಿಗಳೊಡನೆ ಅದರ ಹೊಂದಿಕೆಯನ್ನೂ, ನೆರಳುಗಳ ದಿಕ್ಕನ್ನೂ ಪರೀಕ್ಷಿಸಿ ಪರಿಣತರು ಎಷ್ಟೋ ಸಲ ಮೋಸವನ್ನು ಹಿಡಿಯಬಲ್ಲರೆಂಬುದು ನಿಜ, ಯಾವಾಗಲೂ ಅಲ್ಲ. ಬೆಳಕನ್ನೇ ಕಾಣದೆ, ಕೇವಲ ಗಣನೆಯಿಂದ ಈ ಮನೆಗಳನ್ನೆಲ್ಲ ತುಂಬಿ, ಹುಟ್ಟಿಯೇ ಇರದ ಮನುಷ್ಯರ ಮುಖಗಳನ್ನು ರಚಿಸುವ ಯಂತ್ರಗಳು ಈಗ ಬಂದಿವೆ. ನೆರೆಯವನೊಬ್ಬನ ಮಾನ ಹೋಗುವಂತಹ ಚಿತ್ರ ಕೈಗೆ ಬಂದಾಗ, ಅದನ್ನು ಮುಂದಕ್ಕೆ ದಾಟಿಸಬೇಕೇ ಬೇಡವೇ ಎಂದು ಯೋಚಿಸುವವನಿಗೆ ಈ ಹದಿನಾರು ಸಾಲಿನ ಆಟ ನೆನಪಾದರೆ, ಅದರ ಪ್ರಯೋಜನ ಚಿಕ್ಕದಲ್ಲ.

ಯಾರೂ ತಿದ್ದದ ಚಿತ್ರದಲ್ಲಿಯೂ ಊಹೆಯ ಪಾಲಿದೆ. ಇದು ಬಣ್ಣದ ಪಾಠದಲ್ಲಿ ತಿಳಿದುಬರುತ್ತದೆ. ಕೆಂಪು, ಹಸುರು, ನೀಲಿ ಬೆಳಕುಗಳನ್ನು ಬೆರಸಿ ಇತರ ಬಣ್ಣಗಳನ್ನು ಪಡೆಯಬಹುದೆಂಬುದನ್ನು ಆಧರಿಸಿ, ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪಟ್ಟೆಪಟ್ಟೆಯ ರಿಬ್ಬನ್ನೊಂದರ ವರ್ಣಚಿತ್ರವನ್ನು ತೆರೆಯ ಮೇಲೆ ತೋರಿಸಿದನು. ಮೂರು ಬಣ್ಣದ ಶೋಧಕಗಳ ಮೂಲಕ ಬೇರೆಬೇರೆಯಾಗಿ ತೆಗೆದ ಚಿತ್ರಗಳನ್ನು, ಅವವೇ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿದ್ದನು. ಇದರಲ್ಲೊಂದು ವಿನೋದವಿದೆ. ಆ ಕಾಲದ ಗಾಜಿನ ಫಲಕಗಳಿಗೆ ಕೆಂಪು ಬೆಳಕು ಕಾಣಿಸುತ್ತಲೇ ಇರಲಿಲ್ಲ! ಕೆಂಪು ಶೋಧಕ ನೇರಿಳಾತೀತ ಕಿರಣಗಳನ್ನೂ ಬಿಡುತ್ತಿತ್ತು. ರಿಬ್ಬನ್ನಿನ ಕೆಂಪು ಭಾಗ ಅವನ್ನು ಪ್ರತಿಫಲಿಸುತ್ತಿತ್ತು. ಪ್ರಯೋಗ ಗೆದ್ದುದು ಹೀಗೆ ಎಂದು ತಿಳಿದುದು ನೂರು ವರ್ಷಗಳ ಮೇಲೆ, 1961ರಲ್ಲಿ.

ಇಂದಿನ ಬಹುತೇಕ ಕ್ಯಾಮರಾಗಳಲ್ಲಿ ಮೂರು ಚಿತ್ರಗಳನ್ನು ಬೇರೆಬೇರೆ ತೆಗೆಯುವುದಿಲ್ಲ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬಾತನಿಗೆ 1976ರಲ್ಲಿ ಪೇಟೆಂಟ್ ದೊರೆತ ವಿಧಾನದಂತೆ, ಮನೆಗಳಲ್ಲಿ ಅರ್ಧದಷ್ಟಕ್ಕೆ ಹಸುರು, ಕಾಲುಭಾಗಕ್ಕೆ ಕೆಂಪು, ಕಾಲುಭಾಗಕ್ಕೆ ನೀಲಿ ಶೋಧಕವನ್ನು ಹೊದಿಸಿರುತ್ತಾರೆ. ಹಸುರಿಗೆ ಹೆಚ್ಚು ಪಾಲು ಏಕೆಂದರೆ, ನಮ್ಮ ಕಣ್ಣು ಸೂಕ್ಷ್ಮ ವಿವರಗಳನ್ನು ಗುರುತಿಸುವುದು ಮುಖ್ಯವಾಗಿ ಆ ಭಾಗದ ಬೆಳಕಿನಿಂದ. ಹೀಗಾಗಿ ಪ್ರತಿಯೊಂದು ಮನೆ ತಾನಾಗಿ ಅಳೆಯುವುದು ಒಂದೇ ಬಣ್ಣವನ್ನು. ಉಳಿದೆರಡನ್ನು ನೆರೆಮನೆಗಳ ಅಂಕಿಗಳಿಂದ ಯಂತ್ರ ಅಂದಾಜು ಮಾಡಿ ತುಂಬುತ್ತದೆ. ಚಿತ್ರದಲ್ಲಿ ಇರುವ ಬಣ್ಣದ ಅಂಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಅಳೆದವಲ್ಲ, ಊಹಿಸಿದವು. ಊಹೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ ಎನ್ನಿ.

ಇದೇ ಊಹೆ ಮಿತಿಮೀರಿದರೆ ಏನಾಗುವುದೆಂಬುದನ್ನು ಶಾಲೆಯ ವಾರ್ಷಿಕ ಸಂಚಿಕೆಗಳ ಮುಖಪುಟಗಳಲ್ಲಿ ಕಾಣಬಹುದು. ಫೋನಿನಿಂದ ಫೋನಿಗೆ ದಾಟುತ್ತ ಕುಗ್ಗಿ, 900 ಪಿಕ್ಸೆಲ್ ಅಗಲಕ್ಕೆ ಇಳಿದ ಚಿತ್ರವೊಂದನ್ನು ಮುದ್ರಣಕ್ಕೆ ಕೊಟ್ಟರೆಂದುಕೊಳ್ಳಿ. ಉತ್ತಮ ಮುದ್ರಣಕ್ಕೆ ಅಂಗುಲವೊಂದಕ್ಕೆ 300 ಪಿಕ್ಸೆಲ್ ಬೇಕೆಂಬುದು ವಾಡಿಕೆ. ಆ ಲೆಕ್ಕದಲ್ಲಿ ಚಿತ್ರ ಮೂರೇ ಅಂಗುಲಕ್ಕೆ ಸಾಕು. ಎಂಟು ಅಂಗುಲದ ಮುಖಪುಟಕ್ಕೆ 2,400 ಬೇಕು. ಹಿಗ್ಗಿಸುವ ತಂತ್ರಾಂಶ 10ಕ್ಕೂ 20ಕ್ಕೂ ನಡುವೆ 15 ಎಂದು ಬರೆದು ಅಂತರವನ್ನು ತುಂಬುತ್ತದೆಯೇ ಹೊರತು, ಹುಡುಗಿಯ ಕೆನ್ನೆಯ ಮೇಲಿದ್ದ ಮಚ್ಚೆಯನ್ನು ಎಲ್ಲಿಂದಲೂ ತರಲಾರದು.

ಆದರೆ ಅದೇ ಮುಖಪುಟದ ಮೇಲಿನ ಅಕ್ಷರಗಳು ಎಷ್ಟು ಹಿಗ್ಗಿಸಿದರೂ ನಯವಾಗಿಯೇ ಇರುತ್ತವೆ. ಕಾರಣವನ್ನು ಹುಡುಕಹೊರಟರೆ ವಿನ್ಯಾಸಕಲೆಯ ಪಾಠ ಮೊದಲಾಗುತ್ತದೆ. ಇಂಗ್ಲಿಷಿನ ಎಲ್, ಟಿ, ಎಚ್‌ಗಳು ನೇರ ಗೆರೆಗಳಾದ್ದರಿಂದ ಎಂಟು ಮನೆಯ ಚೌಕುಳಿಯಲ್ಲಿಯೂ ಅಡಗಿಯಾವು. ನಮ್ಮ ಲಿಪಿ ದುಂಡು. ಒಂದು 'ಕ್ಷ'ವನ್ನೋ 'ಜ್ಞ'ವನ್ನೋ ಅದೇ ಎಂಟು ಮನೆಗಳಲ್ಲಿ ತುಂಬಲು ವಿದ್ಯಾರ್ಥಿಗಳಿಗೆ ಹೇಳಿದರೆ ತೊಂದರೆ ಕೂಡಲೇ ಅರಿವಾಗುತ್ತದೆ. ಆದುದರಿಂದ ಅಕ್ಷರಗಳನ್ನು ಮನೆಗಳಾಗಿ ಅಲ್ಲ, ವಕ್ರರೇಖೆಗಳಾಗಿ ಗಣಕದಲ್ಲಿ ಇಡುತ್ತಾರೆ. ಈ ರೇಖಾವಿಧಾನ ಬಂದುದು ಮುದ್ರಣಾಲಯದಿಂದಲ್ಲ, ಫ್ರಾನ್ಸಿನ ಮೋಟಾರು ಕಾರ್ಖಾನೆಗಳಿಂದ. ಸಿಟ್ರೊಯೆನ್‌ನಲ್ಲಿ ದ ಕಾಸ್ತೆಲ್ಜೊ, ರೆನೋದಲ್ಲಿ ಬೆಝಿಯೆ, ಕಾರಿನ ಮೈಯ ತಿರುವುಗಳನ್ನು ಲೆಕ್ಕಕ್ಕೆ ತರಲು ಬೇರೆಬೇರೆಯಾಗಿ ಇದನ್ನು ರೂಪಿಸಿದರು.

ಅಳತೆಪಟ್ಟಿಯಿಂದ ಇದನ್ನು ಮಾಡಬಹುದು. ಕ, ಖ, ಗ ಎಂಬ ಮೂರು ಬಿಂದುಗಳನ್ನು ಗುರುತಿಸಿ, ಕಖ ಮತ್ತು ಖಗ ಗೆರೆಗಳನ್ನು ಎಳೆಯಿರಿ. ಎರಡರ ಮಧ್ಯಬಿಂದುಗಳನ್ನು ಕೂಡಿಸಿ. ಹಾಗೆ ಕೂಡಿಸಿದ ಗೆರೆಯ ಮಧ್ಯಬಿಂದು ವಕ್ರರೇಖೆಯ ಮೇಲಿದೆ. ಈಗ ಕ, ಕಖದ ಮಧ್ಯಬಿಂದು, ಹೊಸತಾಗಿ ದೊರೆತ ಬಿಂದು, ಈ ಮೂರರೊಡನೆ ಅದೇ ಕ್ರಮವನ್ನು ಮತ್ತೆ ನಡೆಸಿ. ಇನ್ನೊಂದು ಬದಿಯಲ್ಲಿಯೂ ಹಾಗೆಯೇ. ಕ್ರಮೇಣ ಕ ದಿಂದ ಗ ವರೆಗೆ ನಯವಾದ ಒಂದು ತಿರುವು ಮೂಡುವುದು. ಗಣಕ ನೆನಪಿಡಬೇಕಾದುದು ಮೂರು ಬಿಂದುಗಳನ್ನು ಮಾತ್ರ. ಹಿಗ್ಗಿಸಬೇಕಾದಾಗ ಅವನ್ನು ದೂರ ಸರಿಸಿ ರೇಖೆಯನ್ನು ಮತ್ತೆ ಎಳೆದುಕೊಳ್ಳುತ್ತದೆ.

ಇದರಿಂದ ನಮ್ಮ ಅನುಸ್ವಾರದ ಸೊನ್ನೆಯನ್ನು ಬರೆಯಲು ಪ್ರಯತ್ನಿಸಿ. 10 ಸೆಂಟಿಮೀಟರ್ ತ್ರಿಜ್ಯದ ವೃತ್ತವನ್ನು ನಾಲ್ಕು ಪಾಲು ಮಾಡಿ, ಪ್ರತಿ ಪಾಲಿನ ಎರಡು ತುದಿಗಳಲ್ಲಿ ಎಳೆದ ಸ್ಪರ್ಶರೇಖೆಗಳು ಕೂಡುವಲ್ಲಿ ಖ ಬಿಂದುವನ್ನು ಇಡಿ. ಮೂಡುವ ಸೊನ್ನೆ ದುಂಡಾಗಿರುವುದಿಲ್ಲ; ಕೇಂದ್ರದಿಂದ ಅಳೆದರೆ ಪ್ರತಿ ಪಾಲಿನ ನಡುವೆ 10.6 ಸೆಂಟಿಮೀಟರ್ ಬರುವುದು, ಏಕೆಂದರೆ ಈ ರೇಖೆ ಪರವಲಯವೇ ಹೊರತು ವೃತ್ತವಲ್ಲ. ನಾಲ್ಕರ ಬದಲು ಎಂಟು ಪಾಲು ಮಾಡಿ ಮತ್ತೆ ಎಳೆಯಿರಿ. ಈಗ ಅಳತೆ 10.03 ಸೆಂಟಿಮೀಟರ್. ಹೆಚ್ಚಾದ ಈ ಮೂರು ದಶಾಂಶ ಮಿಲಿಮೀಟರ್ ನಿಮ್ಮ ಪೆನ್ಸಿಲಿನ ಗೆರೆಯ ದಪ್ಪದಲ್ಲಿಯೇ ಅಡಗಿಹೋಗುತ್ತದೆ.