ಮಟ್ಟ ಮೀರಿದ ದನಿ: ಕ್ಷೇತ್ರಕಾರ್ಯದ ಧ್ವನಿಮುದ್ರಣಕ್ಕೊಂದು ಪಾಠ

ಕಾಸರಗೋಡಿನ ಕನ್ನಡವನ್ನು ಅಧ್ಯಯನ ಮಾಡುವವರಿಗೆ ಬರವಣಿಗೆಯ ಆಕರಗಳಷ್ಟೇ ಮುಖ್ಯವಾದುವು ಬಾಯಿಮಾತಿನ ಆಕರಗಳು. ಹವ್ಯಕ ಮನೆಗಳ ಶೋಭಾನೆ ಹಾಡು, ತಾಳಮದ್ದಳೆಯ ಅರ್ಥಗಾರಿಕೆ, ತುಳು ಮಲಯಾಳಗಳ ಒಡನಾಟದಲ್ಲಿ ಬೆಳೆದ ದಿನಬಳಕೆಯ ನುಡಿ ಇವೆಲ್ಲ ದನಿಯಾಗಿ ಬದುಕಿವೆ, ದನಿಯಾಗಿಯೇ ದಾಖಲಾಗಬೇಕಾಗಿವೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಮೊಬೈಲ್ ಫೋನನ್ನು ಬದಿಗಿಟ್ಟು ಲ್ಯಾಪ್‌ಟಾಪಿಗೆ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಜೋಡಿಸಿ ಮುದ್ರಿಸತೊಡಗಿದ್ದಾರೆ. ಉಪಕರಣ ಉತ್ತಮವಾದ ಮಾತ್ರಕ್ಕೆ ಮುದ್ರಣ ಉತ್ತಮವಾಗುವುದಿಲ್ಲ. ಅದಕ್ಕೆ ಮೊದಲು ಕಲಿಯಬೇಕಾದುದು ಮಟ್ಟದ ನಿಯಂತ್ರಣ.

ಇದನ್ನು ನಾನು ಕಲಿತದ್ದು ನಷ್ಟದಿಂದ. ಕೆಲವು ವರ್ಷಗಳ ಹಿಂದೆ ಹಿರಿಯರಾದ ಒಬ್ಬ ತಾಯಿಯ ಶೋಭಾನೆ ಹಾಡುಗಳನ್ನು ಮುದ್ರಿಸಲು ಹೋಗಿದ್ದೆ. ಸಂಕೋಚದಿಂದ ಅವರು ಮೊದಲ ಹಾಡನ್ನು ಮೆಲುದನಿಯಲ್ಲಿ ಹಾಡಿದರು. ನಾನು ಗೇನ್ ಗುಂಡಿಯನ್ನು ಧಾರಾಳವಾಗಿ ಏರಿಸಿದೆ. ಮೂರನೆಯ ಹಾಡಿಗೆ ಬರುವಾಗ ಅವರು ನಮ್ಮನ್ನು ಮರೆತು ತುಂಬುಗಂಠದಿಂದ ಹಾಡತೊಡಗಿದ್ದರು. ಇಂಟರ್‌ಫೇಸಿನಲ್ಲಿ ಕೆಂಪು ದೀಪ ಮಿನುಗಿತು. ಹಾಡನ್ನು ನಿಲ್ಲಿಸಲು ಮನಸ್ಸಾಗದೆ ಕಂಪ್ಯೂಟರ್ ಪರದೆಯ ಮೇಲಿನ ಸ್ಲೈಡರನ್ನು ಇಳಿಸಿದೆ. ಪರದೆಯಲ್ಲಿ ಅಲೆಗಳು ಕಿರಿದಾದುವು, ಸರಿಯಾಯಿತೆಂದು ನಂಬಿದೆ. ಮನೆಗೆ ಬಂದು ಕೇಳಿದಾಗ ಎತ್ತರದ ಸ್ವರಗಳೆಲ್ಲ ಒಡೆದಿದ್ದುವು. ಮತ್ತೊಮ್ಮೆ ಹೋಗುವ ದಿನವನ್ನು ಮುಂದೂಡುತ್ತಿರುವಾಗಲೇ ಆ ತಾಯಿ ತೀರಿಕೊಂಡರು. ಹಾಡಿನ ಪಠ್ಯ ನಮ್ಮಲ್ಲಿದೆ, ಧಾಟಿ ಒಡೆದುಹೋಗಿದೆ.

ದನಿ ಸಾಗುವ ದಾರಿ

ನನ್ನ ತಪ್ಪು ಎಲ್ಲಿತ್ತೆಂದು ತಿಳಿಯಲು ದನಿ ಸಾಗುವ ದಾರಿಯನ್ನು ಅರಿಯಬೇಕು. ಮೈಕ್ ದನಿಯನ್ನು ಅತಿ ಸಣ್ಣ ವಿದ್ಯುತ್ ಸಂಕೇತವಾಗಿ ಮಾಡುತ್ತದೆ. ಇಂಟರ್‌ಫೇಸಿನೊಳಗಿನ ಪ್ರಿಯಾಂಪ್ ಅದನ್ನು ಹಿಗ್ಗಿಸುತ್ತದೆ. ಎಷ್ಟು ಹಿಗ್ಗಬೇಕೆಂಬುದನ್ನು ನಿರ್ಧರಿಸುವುದು ಗೇನ್ ಗುಂಡಿ. ಆಮೇಲೆ ಪರಿವರ್ತಕ ಅದನ್ನು ಅಂಕಿಗಳನ್ನಾಗಿ ಬದಲಿಸುತ್ತದೆ. ಆ ಅಂಕಿಗಳು ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರನ್ನು ಸೇರುತ್ತವೆ.

ಪರಿವರ್ತಕ ಅಳೆಯಬಲ್ಲ ಗರಿಷ್ಠ ಎತ್ತರವೊಂದಿದೆ. ಸಂಕೇತ ಅದನ್ನು ಮೀರಿದರೆ ಅಲೆಯ ತುದಿ ಕತ್ತರಿಸಿಹೋಗಿ ಚಪ್ಪಟೆಯಾಗುತ್ತದೆ. ಇದನ್ನೇ ಕ್ಲಿಪ್ಪಿಂಗ್ ಎನ್ನುತ್ತಾರೆ. ಕಂಪ್ಯೂಟರಿನ ಸ್ಲೈಡರ್ ಸಾಮಾನ್ಯವಾಗಿ ಕೆಲಸ ಮಾಡುವುದು ಪರಿವರ್ತಕವನ್ನು ದಾಟಿಬಂದ ಅಂಕಿಗಳ ಮೇಲೆ. ತಲೆ ಕತ್ತರಿಸಿಹೋಗುವಂತೆ ತೆಗೆದ ಭಾವಚಿತ್ರವನ್ನು ಚಿಕ್ಕದಾಗಿ ಅಚ್ಚುಹಾಕಿದರೆ ತಲೆ ಮರಳಿ ಬರುವುದಿಲ್ಲ. ನಾನು ಅಂದು ಮಾಡಿದ್ದು ಅಷ್ಟೇ. ಒಡೆದ ದನಿಯನ್ನು ಸರಿಪಡಿಸುವ ತಂತ್ರಾಂಶಗಳು ಇವೆ. ಆದರೆ ಅವು ಕಳೆದುಹೋದ ಭಾಗವನ್ನು ಊಹಿಸಿ ತುಂಬುತ್ತವೆಯೇ ಹೊರತು ಮರಳಿ ತರುವುದಿಲ್ಲ.

ಭಾಷಾಭ್ಯಾಸಿಗೆ ಇದು ಕಿವಿಯ ಹಿತದ ಪ್ರಶ್ನೆ ಮಾತ್ರವಲ್ಲ. ಚಪ್ಪಟೆಯಾದ ಅಲೆಯಲ್ಲಿ, ಆಡಿದವರ ಬಾಯಿಯಿಂದ ಬಾರದ ಹೊಸ ಆವೃತ್ತಿಗಳು ಸೇರಿಕೊಳ್ಳುತ್ತವೆ. ಅಂಥ ಮುದ್ರಣವನ್ನು ಪ್ರಾಟ್‌ನಂಥ ಧ್ವನಿವಿಶ್ಲೇಷಣೆಯ ತಂತ್ರಾಂಶದಲ್ಲಿಟ್ಟು ಸ್ವರಗಳ ಗುಣವನ್ನು ಅಳೆಯಹೊರಟರೆ, ನುಡಿಯ ಜೊತೆಗೆ ನಮ್ಮ ತಪ್ಪನ್ನೂ ಅಳೆದಂತಾಗುತ್ತದೆ.

ಸೊನ್ನೆಯೆಂಬ ಮಾಡು

ಡಿಜಿಟಲ್ ಮಾಪಕದಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ತಳವಲ್ಲ, ಮಾಡು. ಅದಕ್ಕಿಂತ ಮೇಲೆ ಜಾಗವಿಲ್ಲ. ಆದುದರಿಂದ ಎಲ್ಲ ಮಟ್ಟಗಳನ್ನೂ ಮೈನಸ್ ಅಂಕಿಗಳಲ್ಲಿ ಹೇಳುತ್ತಾರೆ. ಮೈನಸ್ 6 ಎಂದರೆ ಅಲೆಯ ಎತ್ತರ ಮಾಡಿನ ಸುಮಾರು ಅರ್ಧ. ಮೈನಸ್ 12 ಎಂದರೆ ಕಾಲು ಭಾಗ.

ಟೇಪಿನ ಕಾಲದಲ್ಲಿ ಮಟ್ಟವನ್ನು ಆದಷ್ಟು ಮೇಲಿಡಬೇಕೆಂಬ ಮಾತಿತ್ತು. ಟೇಪಿಗೆ ತನ್ನದೇ ಆದ ‘ಸ್’ ಎಂಬ ಸದ್ದಿತ್ತು. ಮೆಲುದನಿ ಅದರಲ್ಲಿ ಮುಳುಗಿಹೋಗುತ್ತಿತ್ತು. 16 ಬಿಟ್ ಮುದ್ರಣದಲ್ಲಿ ಅಲೆಯ ಎತ್ತರವನ್ನು 65,536 ಮೆಟ್ಟಿಲುಗಳಲ್ಲಿ ಅಳೆಯಬಹುದು; ಅದರ ವ್ಯಾಪ್ತಿ ಸುಮಾರು 96 ಡೆಸಿಬೆಲ್. 24 ಬಿಟ್ ಮುದ್ರಣದಲ್ಲಿ ಮೆಟ್ಟಿಲುಗಳು 1,67,77,216. ಲೆಕ್ಕದ ಪ್ರಕಾರ ವ್ಯಾಪ್ತಿ ಸುಮಾರು 144 ಡೆಸಿಬೆಲ್. ಮಂಡಲದ ಸ್ವಂತ ಸದ್ದಿನಿಂದಾಗಿ ನಿಜವಾಗಿ ದೊರೆಯುವುದು ಇದಕ್ಕಿಂತ ಕಡಿಮೆ. ಆದರೂ ನಮ್ಮ ಕೆಲಸಕ್ಕೆ ಧಾರಾಳವಾಯಿತು. ಆದುದರಿಂದ 24 ಬಿಟ್‌ನಲ್ಲಿ ಮುದ್ರಿಸುವವರು ಸೊನ್ನೆಯ ಸಮೀಪಕ್ಕೆ ಹೋಗುವ ಅಗತ್ಯವೇ ಇಲ್ಲ. ಸಾಮಾನ್ಯ ಮಾತು ಮೈನಸ್ 18ರ ಆಸುಪಾಸಿನಲ್ಲಿಯೂ, ಅತಿ ಎತ್ತರದ ದನಿ ಮೈನಸ್ 12ರ ಹತ್ತಿರವೂ ಇದ್ದರೆ ಸಾಕು. ತಗ್ಗಿದ ಮುದ್ರಣವನ್ನು ಆಮೇಲೆ ಏರಿಸಬಹುದು, ಒಡೆದುದನ್ನು ಕೂಡಿಸಲಾಗದು.

ಆದರೆ ತೀರ ತಗ್ಗಿಸುವುದೂ ಸಲ್ಲದು. ಮುಂದೆ ಏರಿಸುವಾಗ ಪ್ರಿಯಾಂಪಿನ ಸದ್ದೂ ಜೊತೆಗೇ ಏರುತ್ತದೆ. ಫ್ಯಾನು, ಹಂಚಿನ ಮೇಲಿನ ಮಳೆ, ತೋಟದ ಜೀರುಂಡೆ ಇವುಗಳ ಸದ್ದಿಗೆ ಮಾತ್ರ ಗೇನ್ ಮದ್ದಲ್ಲ. ಗೇನ್ ಏರಿಸಿದರೆ ಹಾಡಿನೊಂದಿಗೆ ಅವೂ ಏರುತ್ತವೆ. ಮೈಕನ್ನು ಹತ್ತಿರ ತರುವುದೇ ಅದಕ್ಕೆ ಉಪಾಯ.

ಅನುಸರಿಸಬೇಕಾದ ಕ್ರಮ

1. ಮೊದಲು ದೂರವನ್ನು ಗೊತ್ತುಮಾಡಬೇಕು. ಒಬ್ಬರ ಮಾತು ಅಥವಾ ಹಾಡಿಗೆ ಬಾಯಿಯಿಂದ ಒಂದು ಗೇಣಿನಷ್ಟು ದೂರದಲ್ಲಿ, ಉಸಿರು ನೇರವಾಗಿ ತಾಗದಂತೆ ತುಸು ಓರೆಯಾಗಿ ಮೈಕ್ ಇರಲಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಾಡುವವರು ಮುಂದೆ ಹಿಂದೆ ಬಾಗಿದರೆ ಗೇನ್ ಲೆಕ್ಕವೆಲ್ಲ ತಪ್ಪುತ್ತದೆ.

2. ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ವಿದ್ಯುತ್ತು ಬೇಕು. ಸಾಮಾನ್ಯ ಡೈನಾಮಿಕ್ ಮೈಕಿಗೆ ಬೇಡ. ಆ ಸ್ವಿಚ್ ಒತ್ತುವ ಮೊದಲು ಗೇನ್ ಮತ್ತು ಹೆಡ್‌ಫೋನ್ ಗುಂಡಿಗಳೆರಡನ್ನೂ ಪೂರ್ತಿ ಇಳಿಸಿಡಬೇಕು.

3. ಕಂಪ್ಯೂಟರಿನ ಧ್ವನಿ ವ್ಯವಸ್ಥೆಯಲ್ಲಿಯೂ ಮುದ್ರಣದ ತಂತ್ರಾಂಶದಲ್ಲಿಯೂ 24 ಬಿಟ್, ಸೆಕೆಂಡಿಗೆ 48,000 ಮಾದರಿಗಳು ಎಂಬ ಒಂದೇ ಆಯ್ಕೆ ಇರಲಿ. ವಿಂಡೋಸಿನಲ್ಲಿ ಅಡಾಸಿಟಿ ಬಳಸುವವರು ಎಂಎಂಇ ದಾರಿಗೆ ಬದಲಾಗಿ ವಾಸಾಪಿಯನ್ನು ಆರಿಸಬೇಕು. ಎಂಎಂಇ ದಾರಿಯಲ್ಲಿ ದೊರೆಯುವುದು 16 ಬಿಟ್ ಮಾತ್ರ. ದನಿಯನ್ನು ‘ಉತ್ತಮಗೊಳಿಸುವ’ ಸೌಲಭ್ಯಗಳನ್ನೂ, ಮಟ್ಟವನ್ನು ತಾನಾಗಿ ಏರಿಳಿಸುವ ಏರ್ಪಾಡನ್ನೂ ನಿಲ್ಲಿಸಬೇಕು. ಇಲ್ಲವಾದರೆ ಮಾತಿನ ನಡುವಣ ಮೌನದಲ್ಲಿ ಕೋಣೆಯ ಸದ್ದು ಮೇಲೆದ್ದು, ಪಿಸುಮಾತಿಗೂ ಕೂಗಿಗೂ ಇರುವ ಅಂತರ ಅಳಿಸಿಹೋಗುತ್ತದೆ.

4. ಗೇನನ್ನು ತಳದಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು. ಪರೀಕ್ಷೆಗೆ ‘ಹಲೋ ಹಲೋ’ ಸಾಲದು. ಹಾಡಿನಲ್ಲಿ ಅತ್ಯಂತ ಎತ್ತರಕ್ಕೆ ಹೋಗುವ ಸಾಲನ್ನೇ ಹಾಡಿಸಿ, ಅದರ ತುದಿ ಮೈನಸ್ 12ರಲ್ಲಿ ನಿಲ್ಲುವಂತೆ ಮಾಡಬೇಕು. ಸಂಕೋಚ ಕಳೆದ ಮೇಲೆ ದನಿ ಇನ್ನೂ ಏರುತ್ತದೆಂಬುದನ್ನು ನೆನಪಿಟ್ಟು ಗುಂಡಿಯನ್ನು ಮತ್ತಷ್ಟು ಇಳಿಸುವುದು ಲೇಸು.

5. ಹೆಡ್‌ಫೋನಿನ ಗುಂಡಿಗೂ ಗೇನ್ ಗುಂಡಿಗೂ ಸಂಬಂಧವಿಲ್ಲ. ಹೆಡ್‌ಫೋನಿನಲ್ಲಿ ದನಿ ಮೆಲ್ಲಗೆ ಕೇಳಿಸಿತೆಂದು ಗೇನನ್ನು ಏರಿಸುವುದು ಹೊಸಬರ ಸಾಮಾನ್ಯ ತಪ್ಪು. ಮಟ್ಟವನ್ನು ಮಾಪಕದಿಂದ ತಿಳಿಯಬೇಕು, ದೋಷವನ್ನು ಕಿವಿಯಿಂದ.

6. ಅರ್ಧ ನಿಮಿಷ ಮುದ್ರಿಸಿ, ನಿಲ್ಲಿಸಿ, ಕೇಳಿ, ಬಳಿಕ ಮುಂದುವರಿಯಬೇಕು. ಹಾಡಿನ ನಡುವೆ ಗೇನ್ ಮುಟ್ಟಬಾರದು. ಕೆಂಪು ದೀಪ ಹತ್ತಿದರೆ ಮಾತ್ರ ಈ ನಿಯಮಕ್ಕೆ ಅಪವಾದ: ಕೂಡಲೆ ಇಳಿಸಬೇಕು, ಬದಲಾವಣೆಯನ್ನು ಟಿಪ್ಪಣಿಯಲ್ಲಿ ಬರೆಯಬೇಕು, ಹಾಡು ಮುಗಿದ ಮೇಲೆ ಇನ್ನೊಮ್ಮೆ ಹಾಡಿಕೊಡುವಂತೆ ವಿನಯದಿಂದ ಕೇಳಬೇಕು.

ಮಾಪಕ ಮೋಸಮಾಡುವ ಎರಡು ಸಂದರ್ಭಗಳು

ಎರಡು ಮೈಕುಗಳಿಗೆ ಜಾಗವಿರುವ ಇಂಟರ್‌ಫೇಸಿನಲ್ಲಿ ಒಂದೇ ಮೈಕ್ ಜೋಡಿಸಿ ಮೊನೊ ಮುದ್ರಣ ಮಾಡುವಾಗ, ಕೆಲವೊಮ್ಮೆ ಕಂಪ್ಯೂಟರ್ ಖಾಲಿಯಿರುವ ದಾರಿಯನ್ನೂ ಸೇರಿಸಿ ಸರಾಸರಿ ತೆಗೆಯುತ್ತದೆ. ಆಗ ಅಲೆ ಅರ್ಧ ಎತ್ತರದಲ್ಲಿಯೇ ಚಪ್ಪಟೆಯಾಗುತ್ತದೆ. ಪರದೆಯ ಮಾಪಕ ಮೈನಸ್ 6ನ್ನು ದಾಟುವುದಿಲ್ಲ. ಆದರೆ ದನಿ ಒಡೆದಿರುತ್ತದೆ. ಇಂಥಲ್ಲಿ ಇಂಟರ್‌ಫೇಸಿನ ದೀಪವನ್ನೇ ನಂಬಬೇಕು.

ಇನ್ನೊಂದು ಸಂದರ್ಭ 32 ಬಿಟ್ ಫ್ಲೋಟ್ ಎಂಬ ಕಡತದ ಮಾದರಿಯದು. ಆ ಕಡತದೊಳಗೆ ಸೊನ್ನೆಯನ್ನು ಮೀರಿದ ಅಂಕಿಗಳೂ ಉಳಿಯಬಲ್ಲವು ನಿಜ. ಆದರೆ ಸಾಮಾನ್ಯ 24 ಬಿಟ್ ಇಂಟರ್‌ಫೇಸಿನ ಪರಿವರ್ತಕದಲ್ಲಿ ಮೊದಲೇ ಕತ್ತರಿಸಿಹೋದುದನ್ನು ಆ ಕಡತ ಉಳಿಸಲಾರದು.

ತಾಳಮದ್ದಳೆಯ ಪರೀಕ್ಷೆ

ನಮ್ಮ ಊರುಗಳಲ್ಲಿ ಮಟ್ಟದ ನಿಯಂತ್ರಣಕ್ಕೆ ತಾಳಮದ್ದಳೆಗಿಂತ ಕಠಿಣವಾದ ಪರೀಕ್ಷೆ ಇಲ್ಲ. ಭಾಗವತರ ಪದ, ಮದ್ದಳೆ, ಚಕ್ರತಾಳಗಳ ನಡುವೆ ಚೆಂಡೆಯ ಒಂದೊಂದು ಪೆಟ್ಟೂ ಕ್ಷಣಮಾತ್ರದಲ್ಲಿ ಮಾಡನ್ನು ಮುಟ್ಟುತ್ತದೆ. ಪದ ನಿಂತೊಡನೆ ಅರ್ಥಧಾರಿ ಪಿಸುಮಾತಿನಿಂದ ಗರ್ಜನೆಯವರೆಗೆ ಎಲ್ಲಿಗೂ ಹೋಗಬಹುದು. ಇಲ್ಲಿ ಹಿಮ್ಮೇಳಕ್ಕೊಂದು, ಅರ್ಥಧಾರಿಗಳಿಗೊಂದು ಮೈಕ್ ಇಟ್ಟು ಎರಡಕ್ಕೂ ಬೇರೆ ಬೇರೆ ಗೇನ್ ಗೊತ್ತುಮಾಡಬೇಕು. ಹಿಮ್ಮೇಳದ ಮಟ್ಟವನ್ನು ನಿರ್ಧರಿಸಬೇಕಾದುದು ಭಾಗವತರ ಕಂಠದಿಂದಲ್ಲ, ಚೆಂಡೆಯ ಪೆಟ್ಟಿನಿಂದ. ಗೇನ್ ತಳದಲ್ಲಿದ್ದರೂ ಕೆಂಪು ದೀಪ ಹತ್ತಿದರೆ ಇಂಟರ್‌ಫೇಸಿನಲ್ಲಿ ಪ್ಯಾಡ್ ಎಂಬ ಸ್ವಿಚ್ ಇದೆಯೇ ನೋಡಬೇಕು. ಅದು ಸಂಕೇತವನ್ನು 10 ಅಥವಾ 20 ಡೆಸಿಬೆಲಿನಷ್ಟು ತಗ್ಗಿಸುತ್ತದೆ. ಅದೂ ಇಲ್ಲದಿದ್ದರೆ ಮೈಕನ್ನು ಚೆಂಡೆಯಿಂದ ದೂರ ಸರಿಸಬೇಕು.

ಒಬ್ಬರೇ ಹಾಡುವಲ್ಲಿ ಎರಡನೆಯ ಮೈಕ್ ಬಿಡುವಾಗಿದ್ದರೆ ಅದನ್ನು ಮೊದಲನೆಯದರ ಪಕ್ಕದಲ್ಲಿಯೇ ಇಟ್ಟು, ಗೇನನ್ನು 12 ಡೆಸಿಬೆಲ್ ಕಡಿಮೆ ಮಾಡಿ, ಬೇರೆ ದಾರಿಯಲ್ಲಿ ಮುದ್ರಿಸಿಕೊಳ್ಳಬಹುದು. ಒಂದು ಒಡೆದರೆ ಇನ್ನೊಂದು ಉಳಿದಿರುತ್ತದೆ. ಆ ದಿನ ನನ್ನ ಚೀಲದಲ್ಲಿ ಎರಡನೆಯ ಮೈಕ್ ಇತ್ತು; ಹೊರತೆಗೆಯಬೇಕೆಂದು ತೋಚಲಿಲ್ಲ.

ಅಭ್ಯಾಸ

ಮುಂದಿನ ಕ್ಷೇತ್ರಕಾರ್ಯಕ್ಕೆ ಮೊದಲು ಪ್ರತಿ ತಂಡವೂ ಒಂದು ಹಾಡನ್ನು ಮೂರು ಸಲ ಮುದ್ರಿಸಿ ತರಬೇಕು: ಅತಿ ಎತ್ತರದ ಸ್ವರ ಮೈನಸ್ 30ರಲ್ಲಿ ಇರುವಂತೆ ಒಮ್ಮೆ, ಮೈನಸ್ 12ರಲ್ಲಿ ಒಮ್ಮೆ, ಬೇಕೆಂದೇ ಕೆಂಪು ದೀಪ ಹತ್ತಿಸಿ ಇನ್ನೊಮ್ಮೆ. ಬಳಿಕ ಮೂರನ್ನೂ ಒಂದೇ ಮಟ್ಟಕ್ಕೆ ತಂದು ಕೇಳಬೇಕು. ಮೂಲ ಕಡತಗಳನ್ನು ಮುಟ್ಟದೆ ಪ್ರತಿಗಳ ಮೇಲೆ ಮಾತ್ರ ಈ ಕೆಲಸ ಮಾಡತಕ್ಕದ್ದು. ಮೂರರಲ್ಲಿ ಯಾವುದು ಮರಳಿ ಸರಿಯಾಗಲಿಲ್ಲ, ಏಕೆ ಎಂಬುದನ್ನು ಒಂದು ಪುಟದಲ್ಲಿ ಬರೆದು ತರಗತಿಯಲ್ಲಿ ಓದಬೇಕು.