ಅಧ್ಯಯನ ಪಾಠ: ಗಣಕಯಂತ್ರದ ನಿರ್ವಾಹಕ ಅಧಿಕಾರವನ್ನು ಹಿಂಪಡೆಯುವ ಕ್ರಮ ಮತ್ತು ಅದರ ದಾಖಲಾತಿ

1. ಪೀಠಿಕೆ

ಗ್ರಾಮ ಪಂಚಾಯಿತಿಯ ಸಿಬ್ಬಂದಿಯೊಬ್ಬರು ವರ್ಗಾವಣೆಗೊಂಡಾಗ ಬೀರುವಿನ ಕೀಲಿ, ನಗದು ಪುಸ್ತಕ, ರಸೀದಿ ಪುಸ್ತಕ, ಮೊಹರು ಇವೆಲ್ಲವನ್ನೂ ಪ್ರಭಾರ ಪಟ್ಟಿಯಲ್ಲಿ ನಮೂದಿಸಿ ವಹಿಸಿಕೊಳ್ಳಲಾಗುತ್ತದೆ. ಆದರೆ ಅದೇ ಸಿಬ್ಬಂದಿಯ ಹೆಸರಿನಲ್ಲಿ ಕಚೇರಿಯ ಗಣಕಯಂತ್ರದಲ್ಲಿರುವ ನಿರ್ವಾಹಕ ಅಧಿಕಾರವು ಕಣ್ಣಿಗೆ ಕಾಣುವ ವಸ್ತುವಲ್ಲ. ಆದ್ದರಿಂದ ಅದು ಪಟ್ಟಿಗೆ ಸೇರದೆ ಉಳಿದುಬಿಡುವ ಸಂಭವವಿದೆ. ಈ ಅಧಿಕಾರವನ್ನು ಹಿಂಪಡೆಯುವ ಸಾಧನವು ಹೇಗೆ ಕೆಲಸ ಮಾಡುತ್ತದೆ, ಅದರ ಬಳಕೆಯನ್ನು ಹೇಗೆ ದಾಖಲಿಸಬೇಕು ಎಂಬುದನ್ನು ಮಾನ್ಯ ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

2. ನಿರ್ವಾಹಕ ಅಧಿಕಾರವೆಂದರೇನು?

ವಿಂಡೋಸ್ ಗಣಕಯಂತ್ರದಲ್ಲಿ ಬಳಕೆದಾರರು ಮುಖ್ಯವಾಗಿ ಎರಡು ಬಗೆ: ನಿರ್ವಾಹಕರು (ಅಡ್ಮಿನಿಸ್ಟ್ರೇಟರ್) ಮತ್ತು ಸಾಮಾನ್ಯ ಬಳಕೆದಾರರು (ಸ್ಟ್ಯಾಂಡರ್ಡ್ ಯೂಸರ್). ನಿರ್ವಾಹಕರು ಹೊಸ ತಂತ್ರಾಂಶಗಳನ್ನು ಅಳವಡಿಸಬಲ್ಲರು, ಇತರರ ಖಾತೆಗಳನ್ನು ತೆರೆಯಬಲ್ಲರು ಇಲ್ಲವೇ ಅಳಿಸಬಲ್ಲರು, ಬೇರೆಯವರ ಪಾಸ್‌ವರ್ಡ್ ಬದಲಿಸಬಲ್ಲರು, ಯಂತ್ರದ ದಿನಾಂಕವನ್ನೂ ತಿದ್ದಬಲ್ಲರು. ಪತ್ರ ಬರೆಯಲು, ಮುದ್ರಿಸಲು, ಅಂತರ್ಜಾಲದ ಮೂಲಕ ಪಂಚತಂತ್ರ ತಂತ್ರಾಂಶದಲ್ಲಿ ದಾಖಲಿಸಲು ಇಷ್ಟೊಂದು ಅಧಿಕಾರದ ಅಗತ್ಯವಿಲ್ಲ. ದೈನಂದಿನ ಕೆಲಸಕ್ಕೆ ಸಾಮಾನ್ಯ ಬಳಕೆದಾರರ ಖಾತೆಯೇ ಸಾಕು.

3. ಹಿಂಪಡೆಯುವ ವಿಧಾನ

ಮೊದಲನೆಯದಾಗಿ, ಯಂತ್ರದಲ್ಲಿ ಮತ್ತೊಂದು ನಿರ್ವಾಹಕ ಖಾತೆ ಇರುವುದನ್ನೂ ಅದರ ಪಾಸ್‌ವರ್ಡ್ ಸರಿಯಾಗಿರುವುದನ್ನೂ ಆ ಖಾತೆಯಿಂದ ಪ್ರವೇಶಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ಇರುವ ಒಬ್ಬನೇ ನಿರ್ವಾಹಕನ ಅಧಿಕಾರವನ್ನು ತೆಗೆದರೆ ಮುಂದೆ ಯಂತ್ರವನ್ನು ನಿರ್ವಹಿಸುವವರೇ ಇಲ್ಲದಂತಾಗುತ್ತದೆ.

ಬಳಿಕ ಆ ಖಾತೆಯಲ್ಲಿಯೇ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್ ಎಂಬ ಕ್ರಮದಲ್ಲಿ ಸಾಗಿ, ಸಂಬಂಧಿಸಿದ ಹೆಸರನ್ನು ಆಯ್ದು, ‘ಚೇಂಜ್ ಅಕೌಂಟ್ ಟೈಪ್’ ಒತ್ತಿ ‘ಸ್ಟ್ಯಾಂಡರ್ಡ್ ಯೂಸರ್’ ಎಂದು ಬದಲಿಸಬೇಕು. ಆ ಬಳಕೆದಾರರು ಸೈನ್ ಔಟ್ ಆಗಿ ಮರಳಿ ಪ್ರವೇಶಿಸಿದ ನಂತರ ಬದಲಾವಣೆ ಪೂರ್ಣವಾಗಿ ಜಾರಿಗೆ ಬರುತ್ತದೆ. ಅವರ ಕಡತಗಳು ಅಳಿಯುವುದಿಲ್ಲ, ಪಾಸ್‌ವರ್ಡ್ ಕೂಡ ಬದಲಾಗುವುದಿಲ್ಲ.

4. ಎಚ್ಚರಿಕೆ

ಇದೇ ಕೆಲಸವನ್ನು ಆದೇಶ ಸಾಲಿನ ಮೂಲಕವೂ ಮಾಡಬಹುದು. ‘ನೆಟ್ ಲೋಕಲ್‌ಗ್ರೂಪ್’ ಎಂಬ ಆದೇಶಕ್ಕೆ ಗುಂಪಿನ ಹೆಸರು, ಬಳಕೆದಾರರ ಹೆಸರು ಮತ್ತು ‘ಡಿಲೀಟ್’ ಸೇರಿಸಿದರೆ ವ್ಯಕ್ತಿಯು ನಿರ್ವಾಹಕರ ಗುಂಪಿನಿಂದ ಮಾತ್ರ ಹೊರಬರುತ್ತಾರೆ. ಆದರೆ ‘ನೆಟ್ ಯೂಸರ್’ ಎಂಬ ಆದೇಶಕ್ಕೆ ‘ಡಿಲೀಟ್’ ಸೇರಿಸಿದರೆ ಖಾತೆಯೇ ಅಳಿದುಹೋಗುತ್ತದೆ. ಉಬುಂಟು ವ್ಯವಸ್ಥೆಯಲ್ಲಿಯೂ ಹೀಗೆಯೇ: ‘ಡೆಲ್‌ಯೂಸರ್’ ಆದೇಶದಲ್ಲಿ ಬಳಕೆದಾರರ ಹೆಸರಿನ ಮುಂದೆ ‘ಸುಡೊ’ ಎಂಬ ಗುಂಪಿನ ಹೆಸರಿದ್ದರೆ ಅಧಿಕಾರ ಮಾತ್ರ ಹೋಗುತ್ತದೆ, ಗುಂಪಿನ ಹೆಸರು ಬಿಟ್ಟುಹೋದರೆ ಖಾತೆಯೇ ಹೋಗುತ್ತದೆ. ಒಂದು ಪದದ ವ್ಯತ್ಯಾಸದಿಂದ ಫಲಿತಾಂಶವೇ ಬೇರೆಯಾಗುವುದರಿಂದ ಈ ವಿಧಾನವನ್ನು ಬಾಯಿಮಾತಿನಲ್ಲಿ ತಿಳಿಸದೆ ಲಿಖಿತವಾಗಿ ನೀಡುವುದು ಅವಶ್ಯಕ.

5. ದಾಖಲಾತಿ ಹೇಗಿರಬೇಕು?

ಕಚೇರಿಯಲ್ಲಿ ಇಡುವ ಒಂದು ಪುಟದ ಕೈಪಿಡಿಯು ಈ ಅಂಶಗಳನ್ನು ಒಳಗೊಂಡಿರಬೇಕು:

(ಅ) ಸಾಧನದ ಉದ್ದೇಶ ಮತ್ತು ಅದನ್ನು ಬಳಸಲು ಯಾರಿಗೆ ಅನುಮತಿಯಿದೆ.
(ಆ) ಪೂರ್ವಸಿದ್ಧತೆ: ಎರಡನೆಯ ನಿರ್ವಾಹಕ ಖಾತೆಯ ಪರಿಶೀಲನೆ.
(ಇ) ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ.
(ಈ) ಪರೀಕ್ಷೆ: ಸಂಬಂಧಪಟ್ಟ ಖಾತೆಯಲ್ಲಿ ಯಂತ್ರದ ದಿನಾಂಕ ಬದಲಿಸಲು ಪ್ರಯತ್ನಿಸಿದಾಗ ನಿರ್ವಾಹಕರ ಪಾಸ್‌ವರ್ಡ್ ಕೇಳಿದರೆ ಕಾರ್ಯ ಸರಿಯಾಗಿದೆ.
(ಉ) ತಪ್ಪಾದಲ್ಲಿ ಅಧಿಕಾರವನ್ನು ಮರಳಿ ನೀಡುವ ಕ್ರಮ.

ಜೊತೆಗೆ ವಹಿಯೊಂದರಲ್ಲಿ ದಿನಾಂಕ, ಯಂತ್ರದ ದಾಸ್ತಾನು ಸಂಖ್ಯೆ, ಬಳಕೆದಾರರ ಹೆಸರು, ಕಾರಣ ಹಾಗೂ ಕಾರ್ಯ ನಿರ್ವಹಿಸಿದವರ ಸಹಿ ಇರತಕ್ಕದ್ದು. ಪಾಸ್‌ವರ್ಡ್ ಅನ್ನು ಎಂದಿಗೂ ಈ ವಹಿಯಲ್ಲಿ ಬರೆಯಬಾರದು.

6. ಈ ಕ್ರಮದ ಮಿತಿ

ಕಚೇರಿಯ ಯಂತ್ರದಲ್ಲಿ ಅಧಿಕಾರ ತೆಗೆದ ಮಾತ್ರಕ್ಕೆ ಪಂಚತಂತ್ರ, ಇ-ಸ್ವತ್ತು ಅಥವಾ ಇ-ಗ್ರಾಮಸ್ವರಾಜ್ ತಂತ್ರಾಂಶಗಳ ಲಾಗಿನ್ ರದ್ದಾಗುವುದಿಲ್ಲ. ಅವುಗಳಿಗೆ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕು. ಡಿಜಿಟಲ್ ಸಹಿಯ ಸಾಧನವೂ ಬೇರೆಯೇ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 42ರಂತೆ ಸಹಿಯ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳುವ ಹೊಣೆ ಸಹಿದಾರರದೇ ಆಗಿದೆ. ಅಧ್ಯಕ್ಷರ ಸಹಿಯ ಸಾಧನವನ್ನು ಆಪರೇಟರ್ ಮೇಜಿನಲ್ಲಿ ಬಿಟ್ಟುಹೋಗುವ ಅಭ್ಯಾಸವಿದ್ದಲ್ಲಿ, ಗ್ರಾಮಸ್ಥರ ಹಣದ ಪಾವತಿಗೆ ಅವರ ಅರಿವಿಲ್ಲದೆಯೇ ಅವರ ಸಹಿ ಬೀಳಬಹುದು.

7. ಸದಸ್ಯರ ಪಾತ್ರ

ಮಾನ್ಯ ಸದಸ್ಯರು ಸ್ವತಃ ಯಂತ್ರವನ್ನು ನಿರ್ವಹಿಸಬೇಕಾಗಿಲ್ಲ. ಸಿಬ್ಬಂದಿ ಬದಲಾದ ನಂತರದ ಸಾಮಾನ್ಯ ಸಭೆಯಲ್ಲಿ ಮೇಲ್ಕಂಡ ವಹಿಯನ್ನು ಮಂಡಿಸುವಂತೆ ಕೇಳಿ, ಅದನ್ನು ನಡವಳಿಯಲ್ಲಿ ದಾಖಲಿಸಿದರೆ ಸಾಕು. ಅಧಿಕಾರ ಹಿಂಪಡೆಯುವುದು ಯಾರ ಮೇಲಿನ ಆರೋಪವೂ ಅಲ್ಲ. ತಾನು ತೆರಳಿದ ಬಳಿಕ ನಡೆದ ತಪ್ಪಿಗೆ ತನ್ನ ಹೆಸರು ತಗುಲಿಕೊಳ್ಳದಂತೆ ನಿರ್ಗಮಿಸುವ ನೌಕರನಿಗೂ ಇದು ರಕ್ಷಣೆಯಾಗಿದೆ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿಯ ಗಣಕಯಂತ್ರಗಳಲ್ಲಿ ನಿರ್ವಾಹಕ ಅಧಿಕಾರ ಎಷ್ಟು ಜನರಿಗಿದೆ?
2. ಈಗಾಗಲೇ ಸೇವೆಯಿಂದ ತೆರಳಿದವರ ಹೆಸರು ಅವರಲ್ಲಿ ಇದೆಯೇ?
3. ಅಧ್ಯಕ್ಷರ ಡಿಜಿಟಲ್ ಸಹಿಯ ಸಾಧನ ಈ ದಿನ ಯಾರ ವಶದಲ್ಲಿದೆ?